ದೊಡ್ಡ ಹರಳು ತೋರಿಸಿ ಷೇರು ಮಾರಬೇಡಿ

2024ರ ಆಗಸ್ಟ್‌ನಲ್ಲಿ ಬೋಟ್ಸ್ವಾನಾದ ಅಂದಿನ ಅಧ್ಯಕ್ಷ ಮೊಕ್ವೀಟ್ಸಿ ಮಸೀಸಿ ಒಂದು ವಜ್ರವನ್ನು ಕೈಯಲ್ಲಿ ಹಿಡಿದು ನಿಂತ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. 2,488 ಕ್ಯಾರೆಟ್, ಹತ್ತಿರಹತ್ತಿರ ಅರ್ಧ ಕಿಲೋ. 1905ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕ ಕಲಿನನ್ ಬಿಟ್ಟರೆ ಇಷ್ಟು ದೊಡ್ಡ ಹರಳನ್ನು ರತ್ನಲೋಕ ಕಂಡಿರಲಿಲ್ಲ. ಈ ಹರಳು ಸಿಕ್ಕಿದ್ದು ಕೆನಡಾದ ಲುಕಾರಾ ಎಂಬ ಸಣ್ಣ ಕಂಪನಿ ಬೋಟ್ಸ್ವಾನಾದಲ್ಲಿ ನಡೆಸುವ ಕರೋವೆ ಗಣಿಯಲ್ಲಿ. ಸುದ್ದಿ ಬಂದದ್ದೇ ತಡ, ಷೇರು ಜಿಗಿಯಿತು. ಇಂಥ ಸಣ್ಣ ವಜ್ರ ಕಂಪನಿಗಳಲ್ಲಿ ಹಣ ಹಾಕಲು ಇದೇ ಹೊತ್ತು ಎನ್ನುವ ಮಾತೂ ಎದ್ದಿತು. ಈ ಮಾತು ತಪ್ಪು. ಅದನ್ನು ನಂಬಿ ಕೈ ಸುಟ್ಟುಕೊಳ್ಳುವವರು ಸಣ್ಣ ಹೂಡಿಕೆದಾರರೇ.

ಇದೇ ಗಣಿಯ ಹಿಂದಿನ ಕಥೆ ನೋಡಿ. 2015ರಲ್ಲಿ ಅಲ್ಲಿ 1,109 ಕ್ಯಾರೆಟ್‌ನ ಲೆಸೆಡಿ ಲಾ ರೋನಾ ಸಿಕ್ಕಿತು. ಮರುವರ್ಷ ಲಂಡನ್ನಿನ ಸೋದಬಿಸ್ ಹರಾಜಿನಲ್ಲಿ 7 ಕೋಟಿ ಡಾಲರ್ ಮೀರುವ ಆಸೆಯಿತ್ತು. ಕೂಗು 6.1 ಕೋಟಿಗೆ ನಿಂತಿತು, ಹರಳು ಮಾರಾಟವಾಗದೆ ವಾಪಸು ಬಂತು. ಕೊನೆಗೆ 2017ರಲ್ಲಿ ವಜ್ರ ವ್ಯಾಪಾರಿ ಲಾರೆನ್ಸ್ ಗ್ರಾಫ್ 5.3 ಕೋಟಿಗೆ ಕೊಂಡರು. ಜಗತ್ತೇ ಹೊಗಳಿದ ಕಲ್ಲಿಗೆ ಗಿರಾಕಿ ಸಿಗಲು ಒಂದು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು.

ಕರೋವೆಯಲ್ಲಿ 100 ಟನ್ ಬಂಡೆ ಒಡೆದು ಪುಡಿಮಾಡಿದರೆ ಸಿಗುವ ವಜ್ರ ಸುಮಾರು 3 ಗ್ರಾಂ. ಒಂದು ಚಿಟಿಕೆ. ಅದರಲ್ಲೂ ಆದಾಯದ ಅರ್ಧಕ್ಕಿಂತ ಹೆಚ್ಚು ಪಾಲು ಬರುವುದು ಅಪರೂಪಕ್ಕೆ ಕಾಣಿಸುವ ದೊಡ್ಡ ಹರಳುಗಳಿಂದ. ಅವು ಯಾವ ತಿಂಗಳು ಬರುತ್ತವೆಂದು ಯಾರೂ ಹೇಳಲಾರರು. ಕೂಲಿ, ಡೀಸೆಲ್, ಸಾಲದ ಬಡ್ಡಿ ಮಾತ್ರ ತಪ್ಪದೆ ಬರುತ್ತವೆ.

ಸಾಲವೇ ಇಲ್ಲಿ ಮುಖ್ಯ. ತೆರೆದ ಗಣಿ ಮುಗಿಯುತ್ತ ಬಂದುದರಿಂದ ಕಂಪನಿ ಸಾಲ ಮಾಡಿ ನೆಲದಡಿಗೆ ಇಳಿಯಲೇಬೇಕಾಯಿತು. 2019ರಲ್ಲಿ ಅದಕ್ಕೆ ಹಾಕಿದ ಅಂದಾಜು 51.4 ಕೋಟಿ ಡಾಲರ್; 2023ರ ಹೊತ್ತಿಗೆ 68.3 ಕೋಟಿಗೆ ಏರಿತು, ಅದಿರು ಮೇಲೆ ಬರುವ ಕಾಲ 2028ಕ್ಕೆ ಸರಿಯಿತು. 2016ರಲ್ಲಿ 3 ಕೆನಡಾ ಡಾಲರ್ ದಾಟಿದ್ದ ಷೇರು, ಆ ಮಹಾ ಹರಳು ಸಿಕ್ಕ ವರ್ಷ 1 ಡಾಲರಿಗಿಂತಲೂ ಕೆಳಗಿತ್ತು. ಚಿತ್ರ ಹಂಚಿದವರಲ್ಲಿ ಈ ಮಾತು ಹೇಳಿದವರೆಷ್ಟು ಜನ?

ಹಳೆಯ ಗಣಿಗಳು ಮುಚ್ಚುತ್ತಿವೆ, ಆಸ್ಟ್ರೇಲಿಯಾದ ಆರ್ಗೈಲ್ 2020ರಲ್ಲೇ ನಿಂತಿತು, ಆದ್ದರಿಂದ ಬೆಲೆ ಏರಲೇಬೇಕು ಎಂಬ ವಾದವಿದೆ. ನೂರು ಕ್ಯಾರೆಟ್‌ನ ಹರಳಿಗೆ ಅದು ಒಪ್ಪಬಹುದಾದ ಮಾತೇ. ಆದರೆ ಮದುವೆ ಉಂಗುರದ ಒಂದು ಕ್ಯಾರೆಟ್ ಕಲ್ಲು ಈಗ ಸೂರತ್ತಿನ ಯಂತ್ರಗಳಲ್ಲಿ ಬೆಳೆಯುತ್ತಿದೆ. 2018ರಲ್ಲಿ ಲ್ಯಾಬ್ ವಜ್ರವನ್ನು ಕ್ಯಾರೆಟ್ಟಿಗೆ 800 ಡಾಲರಿಗೆ ಮಾರಲು ಹೊರಟ ದೊಡ್ಡ ವಜ್ರ ಕಂಪನಿ ಡಿ ಬಿಯರ್ಸ್, ಬೆಲೆ ನೆಲಕಚ್ಚಿದ ಮೇಲೆ ಆ ವ್ಯಾಪಾರವನ್ನೇ ಮುಚ್ಚುವುದಾಗಿ 2025ರಲ್ಲಿ ಹೇಳಿತು. ಅಗ್ಗದ ಕಲ್ಲಿಗೆ ಒಗ್ಗಿದ ಗಿರಾಕಿ ಗಣಿಯ ಕಲ್ಲಿಗೆ ಮರಳುತ್ತಾನೆಂಬ ಭರವಸೆಯ ಮೇಲೆ, ಸಾಲ ಹೊತ್ತ ಸಣ್ಣ ಕಂಪನಿ ಎಷ್ಟು ವರ್ಷ ಕಾಯಬಲ್ಲದು?

ಕಾಯಲಾರದೆ ಹೋದರೆ ಏನಾಗುತ್ತದೆಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಜನಕ್ಕೆ ಗೊತ್ತು. ಅಲ್ಲಿನ ಮೊದಲ ವಜ್ರದ ಗಣಿ ರೆನಾರ್ 2016ರಲ್ಲಿ ಶುರುವಾಯಿತು. ಕಾಡಿನ ನಡುವೆ ಗಣಿಯವರೆಗೆ ರಸ್ತೆಯಾಯಿತು, ಸರ್ಕಾರದ ಹೂಡಿಕೆ ಸಂಸ್ಥೆಯೂ ಹಣ ಹಾಕಿತು. ಕಾರ್ಖಾನೆಯಲ್ಲಿ ಹರಳುಗಳು ಒಡೆದವು, ಅಂದಾಜು ಮಾಡಿದ ಬೆಲೆ ಬರಲಿಲ್ಲ. 2019ರಲ್ಲಿ ಅದರ ಒಡೆಯ ಸ್ಟಾರ್ನೊವೇ ನ್ಯಾಯಾಲಯದ ರಕ್ಷಣೆ ಕೇಳಿತು, ಗಣಿ ಸಾಲ ಕೊಟ್ಟವರ ಕೈಸೇರಿತು. 2023ರಲ್ಲಿ ಕೆಲಸವೇ ನಿಂತಿತು.

ಹರಳಿನ ಚಿತ್ರ ಹೊರಡಿಸುವ ಪ್ರತಿ ಪ್ರಕಟಣೆಯಲ್ಲೂ ಮೂರು ಅಂಕಿ ಇರಬೇಕೆಂದು ಷೇರುಪೇಟೆಗಳು ಕಡ್ಡಾಯ ಮಾಡಲಿ: 100 ಟನ್ನಿಗೆ ಎಷ್ಟು ಕ್ಯಾರೆಟ್, ಕ್ಯಾರೆಟ್ಟಿಗೆ ಸರಾಸರಿ ಎಷ್ಟು ಬೆಲೆ, ತೀರಿಸಬೇಕಾದ ಸಾಲ ಎಷ್ಟು. ಅಲ್ಲಿಯವರೆಗೆ, ಮಕ್ಕಳ ಓದಿಗೆ, ಮದುವೆಗೆ ಎತ್ತಿಟ್ಟ ದುಡ್ಡನ್ನು ಯಾವ ಸಣ್ಣ ವಜ್ರ ಕಂಪನಿಗೂ ಹಾಕಬೇಡಿ. ಸ್ಟಾರ್ನೊವೇಯ ಸಾಮಾನ್ಯ ಷೇರುದಾರರಿಗೆ ಕೊನೆಗೆ ಕೈಗೆ ಏನೂ ಬರಲಿಲ್ಲ.