ಬೀದಿಗೂ ಗೇಟು, ಮಾತಿಗೂ ಗೇಟು!



ಬೆಂಗಳೂರಿನ ಹೊರವಲಯಕ್ಕೆ ಒಮ್ಮೆ ಹೋಗಿ ನೋಡಿ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಯಲಹಂಕದ ಆಚೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಇಂದು ಬಡಾವಣೆ. ಬಡಾವಣೆಗೆ ಗೋಡೆ. ಗೋಡೆಗೊಂದು ಗೇಟು. ಗೇಟಿಗೊಬ್ಬ ಕಾವಲುಗಾರ. ಅವನ ಮುಂದೊಂದು ಪುಸ್ತಕ. ಹೆಸರು ಬರೆಯಿರಿ, ಫೋನ್ ನಂಬರ್ ಬರೆಯಿರಿ, ಯಾರ ಮನೆಗೆ ಅಂತ ಹೇಳಿ. ನಮ್ಮ ನಾಡಿನ ಬೀದಿಯಲ್ಲಿ ನಡೆಯಲು ನಾವೇ ಅಪ್ಪಣೆ ಕೇಳಬೇಕು!

ಈಗ ನಿಮ್ಮ ಜೇಬಿನಲ್ಲಿರುವ ಮೊಬೈಲ್ ತೆಗೆಯಿರಿ. ಫೇಸ್‌ಬುಕ್, ಎಕ್ಸ್, ಇನ್‌ಸ್ಟಾಗ್ರಾಂ. ಅಲ್ಲೂ ಅದೇ ಗೇಟು, ಅದೇ ಪುಸ್ತಕ. ಹೆಸರು ಕೊಡಿ, ನಂಬರ್ ಕೊಡಿ. ಒಳಗೆ ಯಾರ ಮಾತು ಯಾರಿಗೆ ಕೇಳಿಸಬೇಕು ಎಂದು ತೀರ್ಮಾನಿಸುವವನು ಧಣಿ. ನಿಮ್ಮನ್ನು ಹೊರಗೆ ತಳ್ಳುವ ಅಧಿಕಾರವೂ ಅವನದೇ. ಬೀದಿಯದೂ ಮಾತಿನದೂ ಒಂದೇ ರೋಗ. ಎಲ್ಲರ ಜಾಗ ಒಬ್ಬನ ಅಂಗಳವಾಗುವ ರೋಗ.

ಮುಳುಗಿದ ಊರುಗಳು

ಇದು ಬರೀ ಹೆದರಿಕೆಯಲ್ಲ, ನಡೆದುಹೋದ ಸಂಗತಿ. 2004ರಲ್ಲಿ ಗೂಗಲ್ ಕಂಪನಿಯ ಆರ್ಕುಟ್ ಬಂತು. ಕನ್ನಡದ ಹುಡುಗ ಹುಡುಗಿಯರು ಅಲ್ಲಿ ಗುಂಪು ಕಟ್ಟಿದರು. ಸಿನಿಮಾ, ಸಾಹಿತ್ಯ, ಊರಿನ ಸುದ್ದಿ ಎಲ್ಲವನ್ನೂ ಚರ್ಚಿಸಿದರು. 2014ರ ಸೆಪ್ಟೆಂಬರ್ 30ರಂದು ಕಂಪನಿ ಬಾಗಿಲು ಹಾಕಿತು. ದೇಶವಿದೇಶದ ಕನ್ನಡಿಗರು ಪತ್ರ ಬರೆದುಕೊಳ್ಳುತ್ತಿದ್ದ ಯಾಹೂ ಗುಂಪುಗಳು 2020ರ ಡಿಸೆಂಬರ್‌ನಲ್ಲಿ ಮುಚ್ಚಿದವು. ಅಣೆಕಟ್ಟೆಯ ನೀರಿನಲ್ಲಿ ಊರು ಮುಳುಗಿದರೆ ಪರಿಹಾರವಾದರೂ ಸಿಗುತ್ತದೆ. ಇಲ್ಲಿ ಕೇಳುವವರೇ ಇಲ್ಲ.

ಪರದೇಶದ ಕಂಪನಿ, ಅದಕ್ಕೇ ಹೀಗಾಯಿತು ಅನ್ನುತ್ತೀರಾ? ಹಾಗಾದರೆ 'ಕೂ' ನೆನಪು ಮಾಡಿಕೊಳ್ಳಿ. ನಮ್ಮ ಬೆಂಗಳೂರಿನಲ್ಲೇ 2020ರಲ್ಲಿ ಹುಟ್ಟಿದ್ದು. ಮೊದಲು ಕನ್ನಡದಲ್ಲೇ ಶುರುವಾಯಿತು. ಕನ್ನಡಕ್ಕೆ ಮೊದಲ ಮಣೆ ಹಾಕಿದ್ದಕ್ಕೆ ಅದನ್ನು ಕಟ್ಟಿದವರನ್ನು ಮೆಚ್ಚಲೇಬೇಕು. ಆದರೆ ಬಂಡವಾಳ ಸಿಗಲಿಲ್ಲ, ಕೊಳ್ಳುವವರು ಬರಲಿಲ್ಲ. 2024ರ ಜುಲೈನಲ್ಲಿ ಅದೂ ಬಾಗಿಲು ಹಾಕಿತು. ಅಲ್ಲಿ ಕೂಡಿದ್ದ ಕನ್ನಡದ ಸಂತೆ ಚದುರಿತು.

ಇದರ ಪಾಠವನ್ನು ನಾವು, ಕನ್ನಡದ ಕೆಲಸ ಮಾಡುವವರು, ಮೊದಲು ಕಲಿಯಬೇಕು. ಧಣಿ ನಮ್ಮವನೋ ಪರದೇಶಿಯೋ ಎಂಬುದಷ್ಟೇ ಪ್ರಶ್ನೆಯಲ್ಲ. ಧಣಿ ಒಬ್ಬನೇ ಇರುವುದೇ ಅಪಾಯ! 2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ 4,400 ಕೋಟಿ ಡಾಲರ್ ಕೊಟ್ಟು ಟ್ವಿಟರ್ ಕೊಂಡರು. 2023ರ ಜುಲೈನಲ್ಲಿ ಅದರ ಹೆಸರನ್ನೇ ಬದಲಿಸಿದರು. ಅಲ್ಲಿ ವರ್ಷಗಟ್ಟಲೆ ಬರೆದವರನ್ನು ಒಂದು ಮಾತು ಕೇಳಿದರೇ? ಸಂತೆಯ ಮೈದಾನ ಮಾರಾಟವಾಯಿತು, ಸಂತೆಗೆ ಬಂದವರಿಗೆ ಮರುದಿನ ಪತ್ರಿಕೆ ಓದಿ ಗೊತ್ತಾಯಿತು.

ಪರಿಷೆ ನೋಡಿ ಕಲಿಯೋಣ

ಬೇರೆ ದಾರಿ ಇದೆಯೇ? ಇದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿದ್ದೀರಲ್ಲ? ಒಬ್ಬೊಬ್ಬ ಮಾರುವವನದೂ ಬೇರೆ ಬೇರೆ ರಾಶಿ. ತನ್ನ ರಾಶಿಗೆ ತಾನೇ ಯಜಮಾನ. ಒಬ್ಬ ಗಂಟು ಕಟ್ಟಿ ಹೊರಟರೆ ಪರಿಷೆ ನಿಲ್ಲುವುದಿಲ್ಲ. ಕೊಳ್ಳುವವನು ಯಾವ ರಾಶಿಯ ಮುಂದಾದರೂ ನಿಲ್ಲಬಹುದು.

ವಿಕೇಂದ್ರಿತ ಸಾಮಾಜಿಕ ಜಾಲ ಎಂದರೆ ಇಷ್ಟೇ. ಬಿಎಸ್‌ಎನ್‌ಎಲ್ ಫೋನಿನಿಂದ ಏರ್‌ಟೆಲ್ ಫೋನಿಗೆ ಕರೆ ಹೋಗುವುದಿಲ್ಲವೇ? ಜಿಮೇಲಿನಿಂದ ಯಾಹೂ ವಿಳಾಸಕ್ಕೆ ಪತ್ರ ಹೋಗುವುದಿಲ್ಲವೇ? ಹಾಗೆಯೇ ಧಾರವಾಡದವರ ಸರ್ವರಿನಲ್ಲಿರುವವರು ಮಂಗಳೂರಿನವರ ಸರ್ವರಿನಲ್ಲಿರುವವರೊಂದಿಗೆ ಮಾತಾಡಬಹುದು. ಇದಕ್ಕೆ ಬೇಕಾದ 'ಆಕ್ಟಿವಿಟಿಪಬ್' ಎಂಬ ಸಮಾನ ನಿಯಮವನ್ನು ವೆಬ್ಬಿನ ನಿಯಮ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2018ರಲ್ಲೇ ಒಪ್ಪಿ ಪ್ರಕಟಿಸಿದೆ. ಜರ್ಮನಿಯ ಯೂಜೆನ್ ರೊಚ್ಕೊ 2016ರಲ್ಲಿ ಹೊರತಂದ 'ಮಾಸ್ಟೊಡಾನ್' ತಂತ್ರಾಂಶ ಆ ನಿಯಮದಲ್ಲೇ ನಡೆಯುತ್ತದೆ. ಅದು ಉಚಿತ. ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ಒಂದು ಸರ್ವರು ಬೇಡವಾದರೆ ನಿಮ್ಮ ಹಿಂಬಾಲಕರನ್ನು ಇನ್ನೊಂದಕ್ಕೆ ಕರೆದೊಯ್ಯಬಹುದು. ಹಳೆಯ ಬರಹಗಳು ತಾವಾಗಿ ಬರುವುದಿಲ್ಲ, ನಿಜ. ಆದರೆ ಅವುಗಳ ಪ್ರತಿಯನ್ನು ಇಳಿಸಿಟ್ಟುಕೊಳ್ಳಬಹುದು.

ಬೀದಿ ಯಾರದು?

ಬೀದಿಯ ಕಥೆಯೂ ಇದೇ. ಮಲ್ಲೇಶ್ವರ, ಬಸವನಗುಡಿಗಳು ನೂರು ವರ್ಷಕ್ಕೂ ಹಿಂದಿನ ಬಡಾವಣೆಗಳು. ಸಾಲು ಸಾಲು ಕ್ರಾಸು, ಮೇನು. ಒಂದು ಬೀದಿ ಕಟ್ಟಿದರೆ ಮುಂದಿನದರಲ್ಲಿ ತಿರುಗಿದರಾಯಿತು. ಮರದ ನೆರಳು, ಮೂಲೆಯಲ್ಲಿ ಹೂವಿನವಳು, ನಡೆದು ಹೋಗುವಷ್ಟು ದೂರದಲ್ಲಿ ಅಂಗಡಿ. ಹೊಸ ಉಪನಗರದಲ್ಲಿ? ಗೋಡೆ ಸುತ್ತಿಕೊಂಡು ಹೋಗದೆ ಪಕ್ಕದ ಬೀದಿಗೆ ದಾರಿಯಿಲ್ಲ. ಹಾಲು ತರಲೂ ಸ್ಕೂಟರ್ ಬೇಕು. ಎಲ್ಲ ವಾಹನಗಳೂ ಒಂದೇ ಮುಖ್ಯರಸ್ತೆಗೆ ಬಂದು ಬೀಳುತ್ತವೆ. ಆಮೇಲೆ ಟ್ರಾಫಿಕ್ ಎಂದು ಗೋಳಾಡುತ್ತೇವೆ!

ಇದರ ಬೆಲೆ ತೆರುವವರು ನಡೆಯುವವರು. ಕೇಂದ್ರ ಸರ್ಕಾರದ ಲೆಕ್ಕದ ಪ್ರಕಾರವೇ 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು 32,825. ದಿನಕ್ಕೆ ಸುಮಾರು 90 ಜೀವ! ನಿಯಮ ಇಲ್ಲವೆಂದೇನಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯಂತೆ ಫುಟ್‌ಪಾತಿನಲ್ಲಿ ಕನಿಷ್ಠ 1.8 ಮೀಟರ್ ಅಗಲದ ಅಡ್ಡಿಯಿಲ್ಲದ ದಾರಿ ಇರಬೇಕು. ಟ್ರಾನ್ಸ್‌ಫಾರ್ಮರ್, ಕಂಬ, ನಿಂತ ಬೈಕು ಕಳೆದ ಮೇಲೆ ನಿಮ್ಮ ಬೀದಿಯಲ್ಲಿ ಎಷ್ಟು ಉಳಿದಿದೆ, ಅಳೆದು ನೋಡಿ. ಪಾದಚಾರಿಗೆ ಫುಟ್‌ಪಾತ್ ಸಿಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಅನುಮೋದಿತ ಬಡಾವಣೆಯ ರಸ್ತೆಗಳನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕೆಂಬುದು ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೇ ಇದೆ. ಬಿಟ್ಟುಕೊಟ್ಟ ರಸ್ತೆಗೆ ಗೇಟು ಹಾಕುವ ಹಕ್ಕು ಯಾರಿಗಿದೆ?

ಹಾಲೆಂಡಿನ ಡೆಲ್ಫ್ಟ್ ಊರಿನ ನಿವಾಸಿಗಳು 1960ರ ದಶಕದ ಕೊನೆಯಲ್ಲಿ ತಮ್ಮ ಬೀದಿಯಲ್ಲಿ ಕಾರುಗಳು ನಿಧಾನವಾಗಿ ಸಾಗುವಂತೆ ಮಾಡಿದರು. ಗಿಡ, ಬೆಂಚು, ತಿರುವು. ಮಕ್ಕಳು ಆಡುವ ಜಾಗಕ್ಕೆ ಕಾರು ಅತಿಥಿಯಂತೆ ಬರಬೇಕು. 1976ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿತು. ಮೊದಲು ಜನ ಮಾಡಿದರು, ಆಮೇಲೆ ಸರ್ಕಾರ ಒಪ್ಪಿತು. ಗಮನಿಸಿ!

ಅಡ್ಡಮಾತುಗಳು

"ಗೇಟು ತೆಗೆದರೆ ಕಳ್ಳರು ಬರುತ್ತಾರೆ" ಅನ್ನುತ್ತಾರೆ. ಜನ ಓಡಾಡುವ, ಅಂಗಡಿಯ ದೀಪ ಉರಿಯುವ ಬೀದಿಗೆ ಕಳ್ಳ ಹೆದರುತ್ತಾನೋ, ನರಪಿಳ್ಳೆಯಿಲ್ಲದ ಗೋಡೆಯ ಪಕ್ಕಕ್ಕೆ ಹೆದರುತ್ತಾನೋ? ನೀವೇ ಹೇಳಿ.

"ಆ ಹೊಸ ಜಾಲದಲ್ಲಿ ಜನವೇ ಇಲ್ಲ" ಅನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಇವತ್ತೇ ಫೇಸ್‌ಬುಕ್ ಬಿಡಿ ಎಂದರೆ ಯಾರೂ ಕೇಳರು, ಕೇಳಬೇಕಾಗಿಯೂ ಇಲ್ಲ. ಸರ್ವರು ನಡೆಸುವುದೂ ಸುಲಭವಲ್ಲ. ತಿಂಗಳ ಬಾಡಿಗೆ ಕಟ್ಟಬೇಕು, ಬೈಗುಳ ಬರೆಯುವವರನ್ನು ಹದ್ದುಬಸ್ತಿನಲ್ಲಿಡಬೇಕು. ಆದರೆ ರಾಜ್ಯೋತ್ಸವಕ್ಕೆ ಪೆಂಡಾಲ್ ಹಾಕಲು ಚಂದಾ ಎತ್ತುವ ನಮಗೆ ಇದು ದೊಡ್ಡದೇ? 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಸ್ವಯಂಸೇವಕರ ದುಡಿಮೆಯಿಂದಲೇ ಬೆಳೆದಿದೆ. ಅದರ ಬರಹಗಳನ್ನು ಯಾರು ಬೇಕಾದರೂ ಪ್ರತಿ ಮಾಡಿ ಉಳಿಸಿಕೊಳ್ಳಬಹುದು. ಯಾವ ಧಣಿಯೂ ಅದನ್ನು ಮುಳುಗಿಸಲಾರ.

ಮಾಡಬೇಕಾದ್ದು ಏನು?

ಒಂದು, ನಿಮ್ಮ ಸಂಘದ ಬರಹ, ಚಿತ್ರಗಳ ಪ್ರತಿಯನ್ನು ಈ ವಾರವೇ ಇಳಿಸಿ ಸ್ವಂತ ಕಂಪ್ಯೂಟರಿನಲ್ಲಿಡಿ.

ಎರಡು, ಊರಿನ ನಾಲ್ಕು ಸಂಘಗಳು ಸೇರಿ ಒಂದು ಕನ್ನಡ ಸರ್ವರು ನಡೆಸಿ. ಬರೆಯುವುದನ್ನು ಮೊದಲು ಅಲ್ಲಿ ಬರೆದು, ಆಮೇಲೆ ಫೇಸ್‌ಬುಕ್ಕಿಗೆ ಹಾಕಿ. ಮೂಲ ನಮ್ಮ ಮನೆಯಲ್ಲಿರಲಿ, ನಕಲು ಧಣಿಯ ಅಂಗಳದಲ್ಲಿರಲಿ.

ಮೂರು, ಟೇಪು ಹಿಡಿದು ನಿಮ್ಮ ಬೀದಿಯ ಫುಟ್‌ಪಾತ್ ಅಳೆಯಿರಿ. 1.8 ಮೀಟರ್ ಇಲ್ಲದ ಕಡೆ ಚಿತ್ರ ತೆಗೆದು ವಾರ್ಡ್ ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಬಡಾವಣೆಯ ರಸ್ತೆ ಹಸ್ತಾಂತರವಾಗಿದೆಯೇ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಆಗಿದ್ದರೆ ಗೇಟು ತೆಗೆಸಿ.

ಬಂಧುಗಳೇ, ನುಡಿ ಪುಸ್ತಕದಲ್ಲಿ ಮಾತ್ರ ಬದುಕುವುದಿಲ್ಲ. ಅಪರಿಚಿತರು ಎದುರಾಗಿ ಮಾತಾಡುವ ಜಾಗದಲ್ಲಿ ಬದುಕುತ್ತದೆ. ಆ ಜಾಗಕ್ಕೆ ಬೀಗ ಬಿದ್ದರೆ ಎಷ್ಟು ಬೋರ್ಡು ಬರೆಸಿದರೂ ಓದುವವರು ಯಾರು? ಗೇಟಿನ ಮುಂದೆ ಕೈಕಟ್ಟಿ ನಿಂತದ್ದು ಸಾಕು. ಬೀದಿ ನಮ್ಮದು, ಮಾತೂ ನಮ್ಮದು. ಟೇಪು ಕೈಗೆತ್ತಿಕೊಳ್ಳಿ!