ತಂತಿ ಹೋಯಿತು, ಕನ್ನಡ ಬರಲಿ

ಮನೆಯಲ್ಲಿ ಕಂಪ್ಯೂಟರ್ ಇರುವವರಿಗೆಲ್ಲ ಈಚೆಗೆ ಒಂದು ಹೊಸ ಬಗೆಯ ಕಾಯುವಿಕೆ ಅಭ್ಯಾಸವಾಗಿದೆ. ಯುಗಾದಿಯ ಹೊಸ ಬಟ್ಟೆಗೆ ಹಿಂದಿನವರು ಕಾಯುತ್ತಿದ್ದ ಹಾಗೆ ಈಗಿನ ಹುಡುಗರು ಮುಂದೆ ಬರಲಿರುವ ಕೀಲಿಮಣೆಗೆ, ಮೌಸಿಗೆ, ಟ್ರ್ಯಾಕ್‌ಪ್ಯಾಡಿಗೆ ಕಾಯುತ್ತಾರೆ. ಬರುವುದು ಇನ್ನೂ ತೆಳ್ಳಗಿರುವುದೆ, ಸದ್ದಿಲ್ಲದೆ ನಡೆಯುವುದೆ, ಒಮ್ಮೆ ಚಾರ್ಜು ಮಾಡಿದರೆ ಎಷ್ಟು ತಿಂಗಳು ಬಾಳುವುದು, ಕತ್ತಲಲ್ಲಿ ಬೆಳಕು ಬೀರುವುದೆ? ಊಟದ ಎಲೆಯ ಮುಂದೆಯೂ ಇದೇ ಚರ್ಚೆ. ತಂತಿಯಂತೂ ಯಾರಿಗೂ ಬೇಡವಾಗಿದೆ.

ನನಗೂ ಕೆಲವು ಆಸೆಗಳುಂಟು. ಈ ಸರಕನ್ನು ತಯಾರಿಸುವ ದೊಡ್ಡ ಕಂಪೆನಿಗಳು ಇರುವುದು ಕ್ಯಾಲಿಫೋರ್ನಿಯದಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ, ನಾನಿರುವುದು ನಾಗಮಂಗಲದಲ್ಲಿ. ಅಷ್ಟು ದೂರಕ್ಕೆ ಕೇಳಿಸಬೇಕಾದರೆ ಕೊಂಚ ಗಟ್ಟಿಯಾಗಿಯೇ ಹೇಳಬೇಕು. ವಾಚಕರು ಮನ್ನಿಸಬೇಕು.

ತಂತಿ ಹೋದ ಕಥೆ ಸ್ವಾರಸ್ಯವಾಗಿದೆ. ಡಗ್ಲಸ್ ಎಂಗಲ್‌ಬಾರ್ಟ್ ಎಂಬ ಅಮೆರಿಕದ ವಿಜ್ಞಾನಿಯ ತಂಡ 1964ರ ಸುಮಾರಿಗೆ ಮರದ ತುಂಡಿನ ಕೆಳಗೆ ಎರಡು ಚಕ್ರಗಳನ್ನಿಟ್ಟು ಮೊದಲ ಮೌಸನ್ನು ಮಾಡಿತು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದನ್ನು ಜನರ ಮುಂದೆ ತೋರಿಸಿದರು. ಬಾಲದಂತಿದ್ದ ತಂತಿಯಿಂದಾಗಿಯೇ ಅದಕ್ಕೆ ಇಲಿಯ ಹೆಸರು. ಈಗ ಬಾಲ ಹೋಗಿದೆ, ಹೆಸರು ಉಳಿದಿದೆ. 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪೆನಿಯಲ್ಲಿ ತಂತಿಗೆ ಬದಲಾಗಿ ಸಣ್ಣ ರೇಡಿಯೊ ಅಲೆಗಳನ್ನು ಬಳಸುವ ಪ್ರಯತ್ನ ಆರಂಭವಾಯಿತು. ಅದೇ ಮುಂದೆ ಬ್ಲೂಟೂತ್ ಎನಿಸಿಕೊಂಡಿತು. ಅಡಿಗೆಮನೆಯ ಮೈಕ್ರೋವೇವ್ ಒಲೆ ಬಳಸುವ ಅಲೆಗಳ ನೆರೆಯಲ್ಲಿಯೇ ಇದರ ಸಂಚಾರ. ಗದ್ದಲದಲ್ಲಿ ಮಾತು ಕೆಡಬಾರದೆಂದು ಅದು 79 ಕಾಲುವೆಗಳ ನಡುವೆ ಸೆಕೆಂಡಿಗೆ 1600 ಬಾರಿ ಜಿಗಿಯುತ್ತ ಹೋಗುತ್ತದೆ. ನಾವು ಒಂದು ಅಕ್ಷರ ಒತ್ತಿ ಬೆರಳೆತ್ತುವಷ್ಟರಲ್ಲಿ ಅದು ನೂರಾರು ಸಲ ಹಾರಿ ಮುಗಿದಿರುತ್ತದೆ.

ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನಾಳಿದ ಹೆರಾಲ್ಡ್ ಎಂಬ ದೊರೆಗೆ ‘ನೀಲಿ ಹಲ್ಲಿನವನು’ ಎಂಬ ಅಡ್ಡಹೆಸರಿತ್ತು. ಬ್ಲೂಟೂತ್ ಎಂಬುದು ಅವನ ಹೆಸರೇ. ಕೀಲಿಮಣೆಯ ಮೂಲೆಯಲ್ಲಿ, ಫೋನಿನ ಪರದೆಯಲ್ಲಿ ನಾವು ಕಾಣುವ ಆ ನೀಲಿ ಗುರುತು, ರೂನ್ ಎಂಬ ಹಳೆಯ ಲಿಪಿಯಲ್ಲಿ ಆತನ ಹೆಸರಿನ ಎರಡು ಮೊದಲಕ್ಷರಗಳನ್ನು ಹೆಣೆದದ್ದು. ಇದನ್ನು ತಿಳಿದ ದಿನ ನನಗೆ ನಗು ಬಂತು. ನಗುವಿನ ಹಿಂದೆಯೇ ಬೇರೊಂದು ಯೋಚನೆಯೂ ಬಂತು. ಯಾರೂ ದಿನಬಳಕೆಗೆ ಬಳಸದ ಲಿಪಿಯ ಎರಡು ಅಕ್ಷರಗಳು ಇಂದು ಜಗತ್ತಿನ ಕೋಟ್ಯಂತರ ಯಂತ್ರಗಳ ಮೇಲೆ ಕೂತಿವೆ. ಹೆರಾಲ್ಡ್ ಹುಟ್ಟುವುದಕ್ಕೆ ನಾಲ್ಕೈದು ಶತಮಾನ ಮೊದಲೇ, ಸುಮಾರು 450ರಲ್ಲಿ, ನಮ್ಮ ನೆರೆಯ ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ಕಲ್ಲಿನ ಮೇಲೆ ಕನ್ನಡ ಕೊರೆದಿದ್ದರು. 2011ರ ಜನಗಣತಿಯ ಪ್ರಕಾರ 4 ಕೋಟಿ 37 ಲಕ್ಷ ಜನರ ತಾಯ್ನುಡಿ ಅದು. ಅಂಗಡಿಯಲ್ಲಿ ಸಿಕ್ಕುವ ಕೀಲಿಮಣೆಯ ಮೇಲೆ ಮಾತ್ರ ಅದರ ಒಂದು ಅಕ್ಷರವೂ ಸಾಮಾನ್ಯವಾಗಿ ಕಾಣುವುದಿಲ್ಲ.

ಇದು ಬರಿಯ ಅಭಿಮಾನದ ಮಾತಲ್ಲ. ಕಳೆದ ವರ್ಷ ನಮ್ಮ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿಯ ಪರಿಚಯವಾಯಿತು. ಕನ್ನಡ ಮಾಧ್ಯಮದಲ್ಲಿಯೇ ಓದಿ ಪದವಿ ಪಡೆದು, ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ತಯಾರಾಗುತ್ತಿದ್ದಳು. ಮನೆಗೆಲ್ಲ ಇದ್ದದ್ದು ಒಂದು ಫೋನು. ಕಂಪ್ಯೂಟರ್ ಕೊಳ್ಳುವ ಶಕ್ತಿಯಿಲ್ಲ. ಬೆಂಗಳೂರಿನಲ್ಲಿರುವ ಅವಳ ಸೋದರಮಾವ ಒಂದು ಪುಟ್ಟ ಬ್ಲೂಟೂತ್ ಕೀಲಿಮಣೆಯನ್ನು ತಂದುಕೊಟ್ಟಿದ್ದರು. ಫೋನನ್ನು ಗೋಡೆಗೊರಗಿಸಿ ಅದರ ಮುಂದೆ ಈ ಮಣೆಯನ್ನಿಟ್ಟರೆ ಬಡವರ ಮನೆಯ ಕಂಪ್ಯೂಟರ್ ಸಿದ್ಧವಾಯಿತೆಂದೇ ಅರ್ಥ. ತಂತಿಯಿಲ್ಲದ ಸರಕು ಶ್ರೀಮಂತರ ಷೋಕಿಯೆಂದು ನಾನು ತಿಳಿಯದಿರುವುದು ಈ ಕಾರಣದಿಂದಲೇ. ಆದರೆ ಗಾಜಿನ ಮೇಲೆ ಹೆಬ್ಬೆರಳಾಡಿಸಿ ಸರಾಗವಾಗಿ ಕನ್ನಡ ಬರೆಯುತ್ತಿದ್ದ ಹುಡುಗಿ ಈ ಮಣೆಯ ಮುಂದೆ ಕೂತು ಕೈ ಕಟ್ಟಿಕೊಂಡಳು. “ಸಾರ್, ಇದರಲ್ಲಿ ‘ಕ’ ಎಲ್ಲಿದೆ?” ಎಂದು ಕೇಳಿದಳು. ಅದರ ಮೇಲಿದ್ದದ್ದು ಇಂಗ್ಲಿಷ್ ಅಕ್ಷರಗಳು ಮಾತ್ರ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಬಹು ಜನರಿಗೆ ಇದು ತಿಳಿಯದು. ಕೀಲಿಮಣೆಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡವೂ ಬರುವುದಿಲ್ಲ. ಒಂದು ಕೀಲಿಯನ್ನೊತ್ತಿದರೆ ಅದು ಕಳಿಸುವುದು ಅಕ್ಷರವನ್ನಲ್ಲ, ಆ ಕೀಲಿಯ ಸ್ಥಾನವನ್ನು ಸೂಚಿಸುವ ಒಂದು ಸಂಖ್ಯೆಯನ್ನು. ಆ ಸಂಖ್ಯೆಯನ್ನು ಕಂಡು ‘ಇದು ಎ’ ಎಂದೋ ‘ಇದು ಕ’ ಎಂದೋ ತೀರ್ಮಾನಿಸುವುದು ಆಚೆ ಬದಿಯಲ್ಲಿರುವ ಫೋನು ಅಥವಾ ಕಂಪ್ಯೂಟರ್. ಎಂದಮೇಲೆ ಕನ್ನಡದ ಕೀಲಿಮಣೆ ಮಾಡುವುದಕ್ಕೆ ಹೊಸ ಕಾರ್ಖಾನೆ ಬೇಡ, ಹೊಸ ಯಂತ್ರ ಬೇಡ. ಕೀಲಿಗಳ ಮೇಲೆ ಇಂಗ್ಲಿಷಿನ ಪಕ್ಕದಲ್ಲಿ ಸ್ವಲ್ಪ ಶಾಯಿ ಬೇಕು. ಫೋನಿನೊಳಗೆ ಯಾವ ಸಂಖ್ಯೆಗೆ ಯಾವ ಅಕ್ಷರವೆಂಬ ಒಂದು ಪಟ್ಟಿ ಬೇಕು. ನಮ್ಮ ವರ್ಣಮಾಲೆಯ ಅಕ್ಷರಗಳು 49; ಅಮೆರಿಕದ ಮಾದರಿಯ ಮಣೆಯಲ್ಲಿ ಬರೆಯುವ ಕೀಲಿಗಳು 47. ಶಿಫ್ಟ್ ಕೀಲಿಯ ಸಹಾಯವಿರುವಾಗ ಸ್ಥಳ ಸಾಲದೆಂಬ ನೆಪವೂ ನಿಲ್ಲದು.

ಹಿಂದಿನವರ ಕಷ್ಟದ ಮುಂದೆ ಇದು ಯಾವ ಲೆಕ್ಕ! ನಾಗಮಂಗಲ ಲೋಹದ ಎರಕಕ್ಕೆ ಹೆಸರಾದ ಊರು; ಇಲ್ಲಿಯ ವಿಶ್ವಕರ್ಮರು ದೇವರ ವಿಗ್ರಹಗಳನ್ನು ಎರಕ ಹೊಯ್ಯುವುದನ್ನು ನೋಡಿದವರಿಗೆ ಅಚ್ಚು, ಎರಕ ಎಂಬ ಮಾತುಗಳ ತೂಕ ಗೊತ್ತು. ಅಚ್ಚುಕೂಟಗಳಲ್ಲಿ ಕನ್ನಡದ ಮೊಳೆಗಳನ್ನೂ ಹೀಗೆಯೇ ಎರಕ ಹೊಯ್ಯಬೇಕಾಗಿತ್ತು. ಗುಣಿತ, ಒತ್ತು ಎಲ್ಲ ಸೇರಿ ನೂರಾರು ಮೊಳೆಗಳು. ಅಷ್ಟನ್ನೂ ಬೆರಳಚ್ಚು ಯಂತ್ರದ ಕೆಲವೇ ಕೀಲಿಗಳಿಗೆ ಇಳಿಸಿದವರು ಕೆ. ಅನಂತಸುಬ್ಬರಾಯರು. ತಲೆಕಟ್ಟು, ಕೊಂಬು, ಒತ್ತುಗಳನ್ನು ಬಿಡಿಬಿಡಿಯಾಗಿ ಕೀಲಿಗೆ ಹಂಚಿ, ಒಂದರ ಪಕ್ಕದಲ್ಲೊಂದು ಕೂಡಿಸಿ ಅಕ್ಷರ ಕಟ್ಟುವ ಉಪಾಯ ಅದು. ಕಛೇರಿಗಳಲ್ಲಿ ಕನ್ನಡ ಟಕಟಕ ಎಂದದ್ದು ಅಂಥವರ ದುಡಿಮೆಯಿಂದ.

ಆಮೇಲೆ ಕಂಪ್ಯೂಟರ್ ಬಂತು. ಮಂಗಳೂರಿನ ಕಡೆಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಇಂಗ್ಲಿಷಿನ 26 ಕೀಲಿಗಳ ಮೇಲೆ ಉಚ್ಚಾರಣೆಗೆ ಹೊಂದುವಂತೆ ಕನ್ನಡವನ್ನು ಜೋಡಿಸಿದರು. ‘ಕನ್ನಡ’ ಎಂದು ಬರೆಯಲು ಇಂಗ್ಲಿಷಿನಲ್ಲಿ ಏಳು ಅಕ್ಷರ. ಅವರ ಕ್ರಮದಲ್ಲಿ ಐದೇ ಒತ್ತು: ಕೆ, ಎನ್, ಎಫ್, ಎನ್, ಡಬ್ಲ್ಯು. ಎಫ್ ಒತ್ತಿದರೆ ಮುಂದಿನದು ಒತ್ತಕ್ಷರವಾಗುತ್ತದೆ. ಡಬ್ಲ್ಯು ಒತ್ತಿದರೆ ‘ಡ’ ಮೂಡುತ್ತದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಇದೇ ಕ್ರಮ ರಾಜ್ಯದ ಕಛೇರಿಗಳಿಗೆ ಹೋಯಿತು. ಜಾಣತನದ ಕೆಲಸವೆಂಬುದರಲ್ಲಿ ಸಂಶಯವಿಲ್ಲ. ಆದರೆ ಡಬ್ಲ್ಯುವಿನಲ್ಲಿ ‘ಡ’ ಅಡಗಿದೆಯೆಂದು ಹೇಳಿಕೊಡದೆ ಯಾರಿಗೆ ತಾನೆ ಹೊಳೆದೀತು? ಭಾರತ ಸರ್ಕಾರದ ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕ್ರಮ 1986ರಿಂದ ಇದೆ. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ. ಭಾರತದ ಭಾಷೆಗಳಿಗೆಲ್ಲ ಹೆಚ್ಚುಕಡಮೆ ಒಂದೇ ವಿನ್ಯಾಸ. ಇಂಗ್ಲಿಷ್ ಅರಿಯದವನೂ ಕಲಿಯಬಹುದಾದ ಕ್ರಮ. ಕೀಲಿಯ ಮೇಲೆ ಅಕ್ಷರ ಬರೆದಿರದಿದ್ದರೆ ಮಾತ್ರ ಯಾರೂ ಕಲಿಯಲಾರದ ಕ್ರಮ! ಕಛೇರಿಯಲ್ಲೊಂದು, ಫೋನಿನಲ್ಲೊಂದು. ಓರಗಿತ್ತಿಯರಿಬ್ಬರ ನಡುವಿನ ಮಗುವಿನಂತಾಗಿದೆ ಕಲಿಯುವವರ ಪಾಡು.

ತಪ್ಪು ಒತ್ತಿನ ಬೆಲೆ ಎಷ್ಟೆಂಬುದನ್ನು ಹಳ್ಳಿಯವರು ಬಲ್ಲರು. 2000–2001ರ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅಂದಿನಿಂದ ಜಮೀನಿನ ಹಕ್ಕು ಯಾರೋ ಒಬ್ಬರ ಬೆರಳ ತುದಿಯಲ್ಲಿದೆ. ಅಪ್ಪಿತಪ್ಪಿ ಶಿಫ್ಟ್ ಒತ್ತಿದರೆ ಸಾಕು, ಬೋರೇಗೌಡರು ಭೋರೇಗೌಡರಾಗುತ್ತಾರೆ. ಆಧಾರ್ ಚೀಟಿಯಲ್ಲೊಬ್ಬ, ಪಹಣಿಯಲ್ಲಿ ಇನ್ನೊಬ್ಬ. ಇಬ್ಬರೂ ಒಬ್ಬರೇ ಎಂದು ಸಾಧಿಸಲು ಮುದುಕರು ಬಸ್ಸು ಹತ್ತಿ ಇಳಿಯಬೇಕು. ಕೀಲಿಯ ಮೇಲೆ ಬ, ಭ ಎರಡೂ ಕಣ್ಣಿಗೆ ಕಾಣುತ್ತಿದ್ದರೆ ಇಂಥ ಪ್ರಮಾದಗಳೆಲ್ಲ ನಿಲ್ಲುತ್ತವೆಂದು ನಾನು ಹೇಳಲಾರೆ, ಕೆಲವಾದರೂ ನಿಂತಾವು.

“ಕೊಳ್ಳುವವರಿಲ್ಲ, ಅದಕ್ಕೇ ಮಾಡುವುದಿಲ್ಲ” ಎಂದು ವ್ಯಾಪಾರಿಗಳು ಹೇಳುವುದುಂಟು. ಒಂದು ನಿದರ್ಶನವನ್ನು ಅವರ ಮುಂದಿಡುತ್ತೇನೆ. ರೂಪಾಯಿಗೆ ಹೊಸ ಚಿಹ್ನೆಯನ್ನು ಸರ್ಕಾರ ಅಂಗೀಕರಿಸಿದ್ದು 2010ರ ಜುಲೈ 15ರಂದು. ಅದೇ ಅಕ್ಟೋಬರಿನಲ್ಲಿ ಅದು ಯೂನಿಕೋಡಿಗೆ ಸೇರಿತು. ಕೆಲವೇ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಮಾರುವ ಕೀಲಿಮಣೆಗಳ 4ರ ಕೀಲಿಯ ಮೇಲೆ ಬಂದು ಕೂತಿತು. ಕನ್ನಡ ಯೂನಿಕೋಡಿನಲ್ಲಿರುವುದು 1991ರಿಂದ. ದುಡ್ಡಿನ ಗುರುತಿಗೆ ಇಷ್ಟು ಬೇಗ ಸಿಕ್ಕ ಜಾಗ ಮಾತಿನ ಗುರುತಿಗೆ ಮೂವತ್ತು ವರ್ಷ ಕಳೆದರೂ ಸಿಕ್ಕಿಲ್ಲ. ಹಾಗೆಂದು ಸರ್ಕಾರದ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಮೊಬೈಲ್ ಫೋನುಗಳಲ್ಲಿ ದೇಶದ 22 ಭಾಷೆಗಳನ್ನೂ ಓದಲು ಬರಬೇಕು, ಇಂಗ್ಲಿಷ್ ಮತ್ತು ಹಿಂದಿಯ ಜೊತೆಗೆ ಕನಿಷ್ಠ ಇನ್ನೊಂದು ಭಾಷೆಯಲ್ಲಿ ಬರೆಯಲು ಬರಬೇಕು ಎಂದು 2016ರಲ್ಲಿ ಭಾರತ ಸರ್ಕಾರವೇ ಆದೇಶ ಹೊರಡಿಸಿತು. ಫೋನಿಗೆ ಅನ್ವಯಿಸಿದ ನ್ಯಾಯ ಫೋನಿಗೆ ಜೋಡಿಸುವ ಮಣೆಗೆ ಏಕೆ ಬೇಡ? ನಮ್ಮ ತಾಲ್ಲೂಕಿನ ಬೆಳ್ಳೂರಿನ ಮನೆತನದವರಾದ ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದಲ್ಲಿ ಮಾಡಿದ ಭಾಷಣದ ಹೆಸರು ‘ಕನ್ನಡ ಮಾತು ತಲೆ ಎತ್ತುವ ಬಗೆ’. ಈಗ ತಲೆ ಎತ್ತಲು ಬೇಕಾಗಿರುವುದು ನಾಲ್ಕು ತೊಟ್ಟು ಶಾಯಿ.

ಉಳಿದ ಆಸೆಗಳು ಚಿಕ್ಕವು. ಪ್ರಸಿದ್ಧ ಕಂಪೆನಿಯೊಂದರ ಮೌಸನ್ನು 2015ರಿಂದ ಚಾರ್ಜು ಮಾಡುವ ರಂಧ್ರ ಹೊಟ್ಟೆಯ ಕೆಳಗಿದೆ. 2024ರಲ್ಲಿ ಹೊಸದಾಗಿ ಬಂದಾಗಲೂ ಅಲ್ಲಿಯೇ ಇತ್ತು. ಉಣ್ಣುವಾಗ ಅಂಗಾತ ಮಲಗುವ ಇಲಿಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಯೂರೋಪಿನ ಒಕ್ಕೂಟ 2024ರ ಡಿಸೆಂಬರ್ 28ರಿಂದ ಫೋನು, ಕೀಲಿಮಣೆ, ಮೌಸುಗಳಿಗೆಲ್ಲ ಒಂದೇ ಬಗೆಯ ಚಾರ್ಜರು ಇರಬೇಕೆಂದು ನಿಯಮ ಮಾಡಿದೆ. ನಮ್ಮ ಮನೆಗಳ ಡ್ರಾಯರುಗಳಲ್ಲಿ ಸಿಕ್ಕುಬಿದ್ದಿರುವ ತಂತಿಗಳ ಗಂಟನ್ನು ನೆನೆದರೆ ಅದು ಪುಣ್ಯದ ಕೆಲಸ. ಬೆಳಕಿನಿಂದಲೇ ನಡೆಯುವ ಕೀಲಿಮಣೆ 2010ರಲ್ಲಿಯೇ ಬಂದಿತ್ತು. ವರ್ಷದ ಬಹುಭಾಗ ಬಿಸಿಲು ಕಾಯುವ ನಮ್ಮ ಸೀಮೆಗೆ ಅಂಥದು ಅಗ್ಗದಲ್ಲಿ ಸಿಕ್ಕಿದರೆ ಪೆನ್ಸಿಲ್ ಸೆಲ್ಲಿನ ಖರ್ಚು ಉಳಿದೀತು.

ಟ್ರ್ಯಾಕ್‌ಪ್ಯಾಡಿನ ವಿಷಯದಲ್ಲಿ ಕೇಳಬೇಕಾದದ್ದು ಒಂದಿದೆ. ಬೆರಳಿನ ಚರ್ಮ ಅಲ್ಪಸ್ವಲ್ಪ ವಿದ್ಯುತ್ತನ್ನು ಸೆಳೆಯುವುದನ್ನು ಗುರುತಿಸಿ ಅದು ಕೆಲಸ ಮಾಡುತ್ತದೆ. ರಾಗಿ ಹೊಲದಲ್ಲಿ ಕುಡುಗೋಲು ಹಿಡಿದು, ತೆಂಗಿನ ಕಾಯಿ ಸುಲಿದು ಜಡ್ಡುಗಟ್ಟಿದ ಒಣ ಬೆರಳನ್ನು ಅದು ಎಷ್ಟೋ ಸಲ ಗುರುತಿಸುವುದೇ ಇಲ್ಲ. ದುಡಿದ ಕೈಯನ್ನು ಕೈಯೆಂದು ಒಪ್ಪುವ ಟ್ರ್ಯಾಕ್‌ಪ್ಯಾಡ್ ಬರಲಿ. ಇನ್ನು ಭದ್ರತೆ: ಬ್ಲೂಟೂತ್ ಬಳಸದೆ ಉಗುರಿನಷ್ಟು ರಿಸೀವರನ್ನು ಸಿಕ್ಕಿಸಿಕೊಳ್ಳುವ ಅನೇಕ ಅಗ್ಗದ ಮೌಸು, ಕೀಲಿಮಣೆಗಳೊಳಗೆ ಸುಮಾರು 100 ಮೀಟರು ದೂರದಿಂದ ಪರರು ನುಗ್ಗಿ ತಮಗೆ ಬೇಕಾದದ್ದನ್ನು ಟೈಪು ಮಾಡಬಹುದೆಂದು 2016ರಲ್ಲಿ ಬಯಲಾಯಿತು. ಬ್ಯಾಂಕಿನ ವ್ಯವಹಾರ ಮಾಡುವವರು ಹಳೆಯ ಸರಕನ್ನು ಪಕ್ಕಕ್ಕಿಡುವುದು ಮೇಲು. ಆ ಉಗುರಿನಷ್ಟು ರಿಸೀವರು ಕಸದೊಡನೆ ಗುಡಿಸಿಹೋಗದಂತೆ ಏನಾದರೂ ಉಪಾಯ ಮಾಡಿದರೆ ಗೃಹಿಣಿಯರು ಹರಸಿಯಾರು.

ಆ ಹುಡುಗಿಯ ಮಣೆಗೆ ಕೊನೆಗೆ ನಾವೇ ಅಕ್ಷರಾಭ್ಯಾಸ ಮಾಡಿಸಿದೆವು. ಫೋನಿನಲ್ಲಿ ಕನ್ನಡದ ಕ್ರಮವನ್ನು ಹುಡುಕಿ ಹಾಕಿಕೊಂಡು, ಬಿಳಿಯ ಕಾಗದದಲ್ಲಿ ಸಣ್ಣ ಚೂರುಗಳನ್ನು ಕತ್ತರಿಸಿ, ಒಂದೊಂದರ ಮೇಲೂ ಅಕ್ಷರ ಬರೆದು, ಮೇಲೆ ಸೆಲೋಟೇಪು ಅಂಟಿಸಿದೆವು. ಒಂದು ಸಂಜೆಯ ಕೆಲಸ. ಮೂರು ತಿಂಗಳಲ್ಲಿ ಮೊದಲು ಸವೆದದ್ದು ಒತ್ತಕ್ಷರದ ಕೀಲಿಯ ಚೀಟಿಯಂತೆ, ಅದನ್ನು ಬದಲಾಯಿಸಿಕೊಂಡಿದ್ದಾಳೆ. ಉಳಿದ ಚೀಟಿಗಳು ಈಗ ಅವಳಿಗೆ ಬೇಕಾಗಿಲ್ಲವಂತೆ, ಆದರೂ ಕಿತ್ತಿಲ್ಲ. ಅವಳ ತಂಗಿ ಕಲಿಯುತ್ತಿದ್ದಾಳೆ.