ಅಟ್ಟದಲ್ಲಿ ಹಾಯುವ ಹೊಗೆಗೊಳವೆ

ಕೊನೆಯ ಅಂತಸ್ತಿನಲ್ಲಿ ವಾಸಿಸುವ ಪುಣೆಯ ವಾಚಕರೊಬ್ಬರು, ಬಿಸಿಲಿನ ತಾಪ ತಡೆಯಲೆಂದು ಬಚ್ಚಲುಮನೆಯ ಮೇಲಣ ಅಟ್ಟಕ್ಕೆ ಥರ್ಮೋಕೋಲ್ ಹಲಗೆ ಜೋಡಿಸಬೇಕೆಂದಿದ್ದಾರೆ. ಗ್ಯಾಸ್ ಗೀಜರಿನ ಹೊಗೆಗೊಳವೆ ಅದೇ ಅಟ್ಟದೊಳಗಿಂದ ಹೊರಗೋಡೆಗೆ ಹೋಗಿದೆಯಂತೆ. ಅದರ ಸುತ್ತಲೂ ಸಂದಿಲ್ಲದಂತೆ ತುಂಬಬಹುದೇ ಎಂಬುದು ಅವರ ಪ್ರಶ್ನೆ. ಖಂಡಿತ ಕೂಡದು.

ಥರ್ಮೋಕೋಲ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಮೆತ್ತಗಾಗಿ ಕುಗ್ಗುವ ವಸ್ತು. ಗೀಜರಿನ ಹೊಗೆ ಅದಕ್ಕಿಂತ ಬಿಸಿಯಾಗಿರಬಹುದು. ಹಳೆಯ ಹಾಸಿಗೆ, ಪತ್ರಿಕೆಯ ಕಟ್ಟು, ಗಣಪತಿಯ ಮಂಟಪ (ಅಟ್ಟವೆಂದ ಮೇಲೆ ಇವು ಇದ್ದದ್ದೇ) ಯಾವುದೂ ಕೊಳವೆಗೆ ತಾಗಬಾರದು. ಅಟ್ಟವನ್ನು ಬೆಚ್ಚಗಿಡುವುದು ಮನೆಮನೆಯ ಕೆಲಸವಾಗಿರುವ ಇಂಗ್ಲೆಂಡಿನಲ್ಲಿ, ಗ್ಯಾಸಿನ ಹೊಗೆಗೊಳವೆಗೂ ಉರಿಯುವ ವಸ್ತುವಿಗೂ ನಡುವೆ ಕನಿಷ್ಠ 25 ಮಿಲಿಮೀಟರ್ ತೆರವಿರಬೇಕೆಂದು ಕಟ್ಟಡ ನಿಯಮಗಳ ಕೈಪಿಡಿ ಹೇಳುತ್ತದೆ. ಅಮೆರಿಕದ ಗ್ಯಾಸ್ ಸಂಹಿತೆ ಇನ್ನೂ ಬಿಗಿ: ಒಂದೇ ಪದರದ ತಗಡಿನ ಕೊಳವೆಯನ್ನು ಅಟ್ಟದೊಳಗೆ ಹಾಯಿಸುವುದಕ್ಕೇ ಅದು ಒಪ್ಪದು. ಆದ್ದರಿಂದ ಕೊಳವೆಯನ್ನು ನೇರವಾಗಿ ಹೊರಗೋಡೆಗೆ ತಿರುಗಿಸುವುದೇ ಮೇಲೆಂದು ನಮಗೆ ತೋರುತ್ತದೆ. ಆಗದಿದ್ದರೆ ಎರಡು ಪದರದ ಕೊಳವೆ ಹಾಕಿಸಿ, ತಯಾರಕರು ಹೇಳಿದಷ್ಟು ಜಾಗ ಬಿಟ್ಟು, ಸುತ್ತ ತಗಡಿನ ತಡೆ ಕಟ್ಟಿಸಿ, ಅದರಾಚೆಗೆ ಉರಿಯದ ರಾಕ್‌ವೂಲ್ ಹಾಸಬೇಕು.

ಬೆಂಕಿಗಿಂತ ನಮಗೆ ಹೆಚ್ಚಿನ ದಿಗಿಲು ಕೊಳವೆಯ ಕೀಲುಗಳದು. ಅಟ್ಟದ ಸಾಮಾನು ಎಳೆದಾಡುವಾಗ ಒಂದು ಕೀಲು ಕಳಚಿದರೂ ಹೊಗೆ ಮನೆಯೊಳಗೇ ಉಳಿಯುತ್ತದೆ. ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಗ್ಯಾಸಿಗೆ ಬೆರೆಸಿದ ದುರ್ವಾಸನೆಯೂ ಉರಿಯಲ್ಲೇ ಸುಟ್ಟುಹೋಗಿರುತ್ತದೆ. ನಮ್ಮ ರಕ್ತ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಈ ವಿಷಕ್ಕೆ ಅಂಟಿಕೊಳ್ಳುತ್ತದೆ. ಊರಿನ ಹಂಡೆಯೊಲೆ ಹೊಗೆಯಾಡಿದರೆ ಕಣ್ಣುರಿಯಾದರೂ ಎಚ್ಚರಿಸುತ್ತಿತ್ತು, ಮೇಲೆ ಗವಾಕ್ಷಿಯೂ ಇತ್ತು. ಇಲ್ಲಿ ಮೊದಲು ತಲೆನೋವು, ಓಕರಿಕೆ. ಆಮೇಲೆ ಎದ್ದು ಅಗಳಿ ತೆಗೆಯುವಷ್ಟು ತ್ರಾಣವೂ ಉಳಿಯದು.

ಅಟ್ಟ ಹೇಗೇ ಮುಚ್ಚಿದರೂ ಕೊಳವೆ ಉದ್ದಕ್ಕೂ ಕಾಣುವಂತೆ ಒಂದು ಬಾಗಿಲು ಬಿಟ್ಟಿರಬೇಕು. ಚಳಿಯೆಂದು ಬಚ್ಚಲಿನ ಗಾಳಿಕಿಂಡಿಗೆ ಕಾಗದ ಅಂಟಿಸಬಾರದು. ಗೀಜರನ್ನೇ ಬಚ್ಚಲಿನಿಂದಾಚೆ, ಗಾಳಿಯಾಡುವ ಜಾಗಕ್ಕೆ ಸಾಗಿಸಿದರೆ ಎಲ್ಲಕ್ಕಿಂತ ಒಳ್ಳೆಯದು. ಅದಾಗುವವರೆಗೆ, ಬಾಗಿಲು ತೆರೆದಿಟ್ಟೇ ಬಕೆಟ್ಟು ತುಂಬಿಸಿ, ಗೀಜರ್ ಆರಿಸಿದ ಬಳಿಕ ಸ್ನಾನಕ್ಕೆ ಹೋಗುವ ರೂಢಿ ಮನೆಮಂದಿಗೆಲ್ಲ ಇರಲಿ. ನೀಲಿಯಾಗಿರಬೇಕಾದ ಉರಿ ಹಳದಿಗೆ ತಿರುಗಿದರೆ, ರಿಪೇರಿಯವನು ಬಂದು ನೋಡುವ ತನಕ ಅದನ್ನು ಹಚ್ಚಲೇಬೇಡಿ.